ಚಹಾದ ಅಣು

ಪೇಢೆ ಎಲ್ಲರೂ ತಿಂದರು, ಸಂಯುಕ್ತಾ ತಿನ್ನಲಿಲ್ಲ. ಕಾಗದದಲ್ಲಿ ಸುತ್ತಿ ಮೇಜಿನ ಡ್ರಾಯರಿಗೆ ಹಾಕಿದಳು. ಯಾರಾದರೂ ಕೇಳಿದರೆ ಇವತ್ತು ಏಕಾದಶಿ ಎನ್ನಬಹುದಿತ್ತು. ಆದರೆ ಏಕಾದಶಿ ಯಾವತ್ತು ಎಂಬುದು ಅವಳಿಗಿಂತ ಚೆನ್ನಾಗಿ ಗುರುರಾಜ ಸರ್‌ಗೆ ಗೊತ್ತಿತ್ತು.

ಪೇಢೆ ಹಂಚುವುದು ಆ ಪ್ರಯೋಗಾಲಯದ ಪದ್ಧತಿ. ನಾಚಾರಂ ರಸ್ತೆಯ ಆ ಸಂಶೋಧನಾ ಸಂಸ್ಥೆಯಲ್ಲಿ ಡಾ. ಗುರುರಾಜರು ಎಷ್ಟೋ ವರ್ಷಗಳಿಂದ ಪ್ರೊಟೀನುಗಳ ಆಕಾರ ಹುಡುಕುತ್ತ ಬಂದವರು. ಹುಡುಕುತ್ತಿದ್ದ ಅಣು ನಕ್ಷೆಯಲ್ಲಿ ಕಂಡಿತೆಂದರೆ ಧಾರವಾಡದಿಂದ ಬಸ್ಸಿಗೆ ಹಾಕಿಸಿದ ಪೇಢೆಯ ಡಬ್ಬಿ ಬರಬೇಕು, ಆ ಅಣುವಿನ ಬಣ್ಣದ ಚಿತ್ರ ಬಾಗಿಲ ಪಕ್ಕದ ಗೋಡೆ ಏರಬೇಕು. ಚಿತ್ರಕ್ಕೆ ಪಿನ್ನು ಚುಚ್ಚುವವರು ಅವರೇ. ಒಮ್ಮೆ ಗೋಡೆಗೆ ಏರಿದ ಚಿತ್ರ ಕೆಳಗಿಳಿದದ್ದು ಯಾರಿಗೂ ನೆನಪಿಲ್ಲ.

ಈ ಸಲ ಗೋಡೆ ಏರಿದ್ದು ನಾಚಾರಂ ಕೈಗಾರಿಕಾ ವಸಾಹತಿನ ಒಂದು ಸಣ್ಣ ಕಂಪನಿ ಮಾಡಿದ ಔಷಧದ ಅಣು. ಅದು ರೋಗಾಣುವಿನ ಒಂದು ಪ್ರೊಟೀನಿನ ಗೂಡಿನೊಳಗೆ ಹೋಗಿ ಕೂರುತ್ತದೆ, ಕೂತರೆ ಪ್ರೊಟೀನಿನ ಆಟ ಬಂದ್ ಆಗುತ್ತದೆ ಎಂಬುದು ಕಂಪನಿಯವರ ಆಸೆ. ಕೂತದ್ದನ್ನು ಕಣ್ಣಿಗೆ ತೋರಿಸಬೇಕಾದವರು ಈ ಪ್ರಯೋಗಾಲಯದವರು. ಶುಕ್ರವಾರ ಕಂಪನಿಯವರು ಬರುತ್ತಾರೆ, ಸಂಸ್ಥೆಯ ಹಿರಿಯರೆಲ್ಲ ಕೂಡುತ್ತಾರೆ. ಅವರ ಮುಂದೆ ನಿಂತು ತೋರಿಸಬೇಕಾದವಳು ಸಂಯುಕ್ತಾ.

ಅವಳು ಈ ಕೆಲಸಕ್ಕೆ ತಡವಾಗಿ ಬಂದವಳು. ಕೂಕಟ್‌ಪಲ್ಲಿಯ ಒಂದು ಜೂನಿಯರ್ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದಳು. ಮಗಳು ಹೈಸ್ಕೂಲಿಗೆ ಹೋದ ಮೇಲೆ ನೌಕರಿ ಬಿಟ್ಟು ಪಿಎಚ್‌ಡಿಗೆ ಸೇರಿದಳು. ಇಷ್ಟು ವಯಸ್ಸಾದವಳನ್ನು ಯಾರೂ ತೆಗೆದುಕೊಳ್ಳದಿದ್ದಾಗ ತೆಗೆದುಕೊಂಡವರು ಗುರುರಾಜರು. ಸಂದರ್ಶನದಲ್ಲಿ ಬೇರೆಯವರು ವಯಸ್ಸು ಕೇಳಿದಾಗ, ಲೆಕ್ಕ ಬರುವವರು ನಮ್ಮಲ್ಲಿ ಯಾರಿದ್ದಾರೆ ಹೇಳಿ ಎಂದು ಅವರು ಮಾತು ತಿರುಗಿಸಿದ್ದರು. ಅದನ್ನು ಅವಳು ಮರೆತಿರಲಿಲ್ಲ. ಪಿಎಚ್‌ಡಿಯ ಪ್ರಬಂಧ ಈಗ ಮುಗಿಯುವ ಹಂತದಲ್ಲಿತ್ತು, ಅವರ ಸಹಿ ಒಂದು ಬೇಕಿತ್ತು.

ಅವಳ ಕೆಲಸವನ್ನು ಅತ್ತೆ ಸುಂದರಾಬಾಯಿಯವರಿಗೆ ಅವಳು ತಿಳಿಸಿ ಹೇಳಿದ್ದುಂಟು. ಪ್ರೊಟೀನು ಕಣ್ಣಿಗೆ ಕಾಣುವ ವಸ್ತುವಲ್ಲ. ನೀರಿನ ತೆಳು ಪದರದಲ್ಲಿ ಅದನ್ನು ಥಟ್ಟನೆ ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಲಕ್ಷಗಟ್ಟಲೆ ಚಿತ್ರಗಳು ಸಿಗುತ್ತವೆ. ಒಂದೊಂದೂ ದಟ್ಟ ಮಂಜಿನಲ್ಲಿ ತೆಗೆದ ಫೋಟೋದಂತೆ. ಅವನ್ನೆಲ್ಲ ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆದಾಗ ಮಂಜು ಕರಗಿ, ಉಬ್ಬು ತಗ್ಗುಗಳಿರುವ ಒಂದು ಆಕೃತಿ ಉಳಿಯುತ್ತದೆ. ಅದೇ ನಕ್ಷೆ. ಯಾವ ಉಬ್ಬಿನಲ್ಲಿ ಯಾವ ಅಣು ಎಂದು ಮಾದರಿಯನ್ನು ನಕ್ಷೆಯೊಳಗೆ ಕೂರಿಸುವುದು, ಕೂರಿಸಿದ್ದು ನಂಬಲು ಯೋಗ್ಯವೇ ಎಂದು ಲೆಕ್ಕದಿಂದ ಹೇಳುವುದು ಅವಳ ಕೆಲಸ. ಇಷ್ಟೂ ಕೇಳಿ ಸುಂದರಾಬಾಯಿ, ಹಂಗಾದ್ರ ನೀನು ಕುಬಸಕ್ಕ ತಕ್ಕಂಗ ಮೈ ಹುಡುಕ್ತಿ ಅನ್ನು, ಎಂದು ನಕ್ಕಿದ್ದರು.

ಔಷಧದ ಅಣು ಆ ನಕ್ಷೆಯಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಅವಳಿಗೆ ಚುಚ್ಚಿದ್ದು ಅದೇ. ಸುತ್ತಲಿನ ಪ್ರೊಟೀನು ಆ ಭಾಗದಲ್ಲಿ ಮಸುಕು, ಎಲ್ಲಿ ಏನಿದೆ ಎಂದು ಹೇಳಲು ಕಷ್ಟ. ಅದರ ನಡುವೆ ಔಷಧ ಮಾತ್ರ ಬಾಗಿದ ಬಾಲದ ತುದಿಯವರೆಗೂ ನಿಚ್ಚಳ. ಮನೆಯ ಗೋಡೆ, ಕಿಟಕಿ, ಜಮಖಾನೆ ಎಲ್ಲ ಮಸುಕಾದ ಫೋಟೋದಲ್ಲಿ ಬಂದ ಅತಿಥಿಯ ಮೂಗುಬೊಟ್ಟಿನ ಹರಳು ಒಂದೇ ಹೊಳೆಯುವುದುಂಟೇ?

ಪೇಢೆ ಹಂಚಿದ ಮರುದಿನ ಅವಳು ಕಾರ್ತಿಕನನ್ನು ಕೇಳಿದಳು. ಚಿತ್ರಗಳನ್ನು ಆಯ್ದು ಹೊಂದಿಸುವ ಕೆಲಸ ಅವನದು. ಅವನ ಅಪ್ಪ ಮೈಸೂರು ಕಡೆಯಿಂದ ಇಲ್ಲಿನ ರಕ್ಷಣಾ ಕಾರ್ಖಾನೆಗೆ ಬಂದವರು. ಹುಡುಗ ಕಾಲನಿಯಲ್ಲಿ ಬೆಳೆದವನು, ಕನ್ನಡ ತೆಲುಗು ಹಿಂದಿ ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಾನೆ. ಆಯುವಾಗ ಕಂಪ್ಯೂಟರಿಗೆ ಹೋಲಿಸಿ ನೋಡಲು ಏನು ಕೊಟ್ಟಿದ್ದೆ ಎಂದು ಅವಳು ಕೇಳಿದಾಗ ಅವನು ತಲೆ ತುರಿಸಿಕೊಂಡ. ಬರಿಯ ಪ್ರೊಟೀನು ಕೊಟ್ಟರೆ ಆಯುವುದು ಬಹಳ ನಿಧಾನ, ದೊಡ್ಡ ಕಂಪ್ಯೂಟರಿಗೆ ಸರದಿ ಬೇರೆ ಉದ್ದ. ಗೂಡಿನಲ್ಲಿ ಔಷಧವನ್ನು ಮೊದಲೇ ಕೂರಿಸಿದ ಆಕೃತಿ ಕೊಡು, ಬೇಗ ಆಗುತ್ತದೆ ಎಂದು ಸರ್ ಹೇಳಿದ್ದರು. ಹಾಗೇ ಕೊಟ್ಟಿದ್ದ.

ಸಂಯುಕ್ತಾ ಕುರ್ಚಿ ಎಳೆದುಕೊಂಡು ಕೂತಳು. ಔಷಧವಿರುವ ಆಕೃತಿಯನ್ನು ತೋರಿಸಿ, ಇದರಂತೆ ಕಾಣುವ ಚಿತ್ರಗಳನ್ನು ಆರಿಸು, ಇದಕ್ಕೆ ಹೊಂದುವಂತೆ ತಿರುಗಿಸು ಎಂದರೆ ಕಂಪ್ಯೂಟರ್ ಪಾಪ ಹೇಳಿದ್ದನ್ನು ಮಾಡುತ್ತದೆ. ಮಂಜಿನೊಳಗೆ ಎಲ್ಲ ಆಕಾರಗಳೂ ಸ್ವಲ್ಪ ಸ್ವಲ್ಪ ಇರುತ್ತವೆ. ಬೇಕಾದ ಮಂಜನ್ನಷ್ಟೇ ಆರಿಸಿ ಪೇರಿಸಿದರೆ ಬೇಕಾದ ಆಕಾರವೇ ಎದ್ದು ನಿಲ್ಲುತ್ತದೆ.

ಊಟದ ಹೊತ್ತಿಗೆ ಅವಳು ಗುರುರಾಜರ ಕೋಣೆಗೆ ಹೋದಳು. ಕೈಯಲ್ಲಿ ಅವರ ಊಟದ ಡಬ್ಬಿ ಇತ್ತು. ಅವರ ಹೆಂಡತಿ ತೀರಿಕೊಂಡಾಗಿನಿಂದ ಸುಂದರಾಬಾಯಿ ಸೊಸೆಯ ಬುತ್ತಿಯ ಜೊತೆ ಅವರಿಗೂ ರೊಟ್ಟಿ ಪಲ್ಯ ಕಟ್ಟುತ್ತಿದ್ದರು. ಅವರಿಬ್ಬರು ಒಬ್ಬರನ್ನೊಬ್ಬರು ನೋಡಿದ್ದು ಒಂದೋ ಎರಡೋ ಸಲ. ಗುರುರಾಜರು ಸಂಜೆ ಡಬ್ಬಿಯನ್ನು ತಾವೇ ತೊಳೆದು, ಒರೆಸಿ ಕೊಡುತ್ತಿದ್ದರು. ಆಳು ತೊಳೆಯುತ್ತೇನೆಂದರೂ ಬಿಡುತ್ತಿರಲಿಲ್ಲ.

ಅವಳು ಹೇಳಿದ್ದನ್ನು ಅವರು ರೊಟ್ಟಿ ಮುರಿಯುತ್ತ ಕೇಳಿದರು. ಮುಖ ಬಾಡಲಿಲ್ಲ, ಸಿಟ್ಟೂ ಮಾಡಲಿಲ್ಲ. ಪ್ರತಿ ನಕ್ಷೆಗೂ ಒಂದು ಪರೀಕ್ಷೆ ಉಂಟು: ಚಿತ್ರಗಳನ್ನು ಎರಡು ಪಾಲು ಮಾಡಿ, ಒಂದೊಂದು ಪಾಲಿನಿಂದ ಬೇರೆ ಬೇರೆ ನಕ್ಷೆ ತೆಗೆಯುವುದು. ಎರಡರಲ್ಲೂ ಕಂಡದ್ದು ನಿಜ, ಒಂದರಲ್ಲೇ ಕಂಡದ್ದು ಮಂಜು. ಅದನ್ನೇ ಅವರು ಎತ್ತಿದರು.

"ಎರಡೂ ಅರ್ಧ ಒಂದಕ್ಕೊಂದು ಹೊಂದ್ಯಾವ ಅಲ್ಲೇನು? ಅಂಕಿ ತಗದಾಕಿ ನೀನೇ."

"ಹೊಂದ್ಯಾವ್ರಿ ಸರ್. ಆದರ ಎರಡಕ್ಕೂ ಮೊದಲ ಒಂದೇ ಫೋಟೋ ತೋರಿಸೀವಿ. ಇಬ್ಬರು ಸಾಕ್ಷಿದಾರರನ್ನ ಒಂದೇ ಕಡೆ ಕೂಡಿಸಿ ಪಾಠ ಹೇಳಿ ಕೋರ್ಟಿಗೆ ಕಳಿಸಿದಂಗ ಆಗ್ಯದ."

ಅವರು ಶೇಂಗಾ ಚಟ್ನಿಗೆ ಎಣ್ಣೆ ಹಾಕಿಕೊಂಡರು. ಕಂಪನಿಯ ಪರೀಕ್ಷೆಯಲ್ಲಿ ಔಷಧ ಪ್ರೊಟೀನಿಗೆ ಅಂಟುತ್ತದೆ ಎಂದು ಬಂದಿದೆ, ಅಂಟಬೇಕಾದ ಜಾಗವೂ ಅದೇ, ಆಕಾರವೂ ಅದೇ. ಮೂರೂ ಕೂಡಿ ಬಂದ ಮೇಲೆ ಅನುಮಾನ ಯಾಕೆ ಎಂದು ವಾದಿಸಿದರು. ಬರುವ ವರ್ಷ ತಾವು ನಿವೃತ್ತರಾಗುವವರು, ಇದು ತಮ್ಮ ಕಡೆಯ ದೊಡ್ಡ ಕೆಲಸ ಎಂಬುದನ್ನು ಅವರು ಹೇಳಲಿಲ್ಲ. ಹೇಳದಿದ್ದುದು ಸಂಯುಕ್ತಾಳಿಗೆ ಹೆಚ್ಚು ಕಷ್ಟವಾಯಿತು. ಶುಕ್ರವಾರ ಮುಗಿಯಲಿ, ಆಮೇಲೆ ನಿಧಾನಕ್ಕೆ ನೋಡೋಣ ಎಂದರು. ಈಗ ಔಷಧ ಕೂರಿಸಿದ ಮಾದರಿಯನ್ನೇ ತೋರಿಸಬೇಕು.

"ಆ ಮಾದರಿಗೆ ನನ್ನ ಹೆಸರು ಇರ್ತದ್ರಿ. ನಾ ತೋರಿಸಂಗಿಲ್ಲ," ಎಂದಳು ಸಂಯುಕ್ತಾ.

ಈ ಮಾತು ತನ್ನ ಬಾಯಿಂದಲೇ ಬಂತೇ ಎಂದು ಅವಳಿಗೇ ಅನ್ನಿಸಿತು. ಅವರು ಕೈ ತೊಳೆಯಲು ಎದ್ದರು. ಬಾಗಿಲ ಹತ್ತಿರ ಹೋಗಿ, ಅವಳ ಕಡೆ ನೋಡದೆ ಅಂದರು: "ಕಣ್ಣಿಗೆ ಕಂಡದ್ದನ್ನ ಇಲ್ಲ ಅನ್ನೋರ ಪ್ರಬಂಧಕ್ಕ ನಾ ಸಹಿ ಹಾಕೋದು ಹೆಂಗ, ನೀನೇ ಹೇಳು."

ಸಂಯುಕ್ತಾ ನೆಟ್ಟಗೆ ಗೇಟಿನ ಹೊರಗಿನ ಇರಾನಿ ಹೋಟೆಲಿಗೆ ಬಂದು ಕೂತಳು. ಹಿಂದೆಯೇ ಕಾರ್ತಿಕ ಬಂದ. ಎರಡು ಚಹಾ ಹೇಳಿ, ಅವಳ ಬಶಿಯಲ್ಲಿ ಒಂದು ಉಸ್ಮಾನಿಯಾ ಬಿಸ್ಕತ್ತು ಇಟ್ಟ. ಚಹಾ ಅರ್ಧ ಮುಗಿದ ಮೇಲೆ, ತಪ್ಪು ತನ್ನದು, ಆ ಆಕೃತಿ ಕೊಡುವಾಗ ತಾನೇ ಯೋಚಿಸಬೇಕಿತ್ತು ಎಂದ. ಅವಳು ಬೇಡ ಎಂಬಂತೆ ಕೈ ಆಡಿಸಿದಳು. ಅವನೇ ಮತ್ತೆ ನಗಿಸಲು ನೋಡಿದ. "ಅಕ್ಕಾ, ನಮ್ಮ ಸರ್ ಆ ಗೂಡಲ್ಲಿ ಈ ಚಾಯ್ ಹುಡುಕಿದ್ರೂ ಸಿಗುತ್ತೆ, ಮಲಾಯಿ ಸಮೇತ."

ಸಂಯುಕ್ತಾ ಕಪ್ಪನ್ನು ಕೆಳಗಿಟ್ಟಳು.

ಚಹಾದಲ್ಲಿರುವ ಕೆಫೀನು ಸಣ್ಣ ಅಣು. ಒಂದಕ್ಕೊಂದು ಅಂಟಿದ ಎರಡು ಬಳೆ, ಅಂಚಿಗೆ ಗುಂಡಿಯಂಥ ಮೂರು ಗುಬುಟು. ಔಷಧಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಆ ಪ್ರೊಟೀನಿನ ಹತ್ತಿರ ಕೆಫೀನು ಎಂದೂ ಸುಳಿದದ್ದೂ ಇಲ್ಲ. ಅದೇ ಚಿತ್ರಗಳು, ಅದೇ ವಿಧಾನ. ಔಷಧದ ಜಾಗದಲ್ಲಿ ಕೆಫೀನು ಕೂರಿಸಿದ ಆಕೃತಿಯನ್ನು ಕಂಪ್ಯೂಟರಿಗೆ ಕೊಟ್ಟರೆ? ಏನೂ ಕಾಣದಿದ್ದರೆ ಸರ್ ಹೇಳಿದ್ದೇ ನಿಜವಿರಬಹುದು. ತಾನು ಬಾಯಿ ಮುಚ್ಚಿಕೊಂಡು ಪೇಢೆ ತಿನ್ನುವುದು. ಕಂಡರೆ?

ದೊಡ್ಡ ಕಂಪ್ಯೂಟರಿನಲ್ಲಿ ಅವಳ ಪಾಲಿನ ಸಮಯ ಮುಗಿದಿತ್ತು. ಕಾರ್ತಿಕ ತನ್ನ ಪಾಲು ಬಿಟ್ಟುಕೊಟ್ಟ. ಅವನ ಸ್ವಂತ ಕೆಲಸ ಆ ತಿಂಗಳು ನಿಂತುಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ನಿಂತರೆ ನಿಲ್ಲಲಿ, ನನ್ನ ಪ್ರೊಟೀನು ಎಲ್ಲೂ ಓಡಿಹೋಗುವುದಿಲ್ಲ ಎಂದ. ಕೆಫೀನಿನ ಜೊತೆಗೆ ಸಂಯುಕ್ತಾ ಇನ್ನೊಂದನ್ನೂ ಓಡಿಸಿದಳು. ಗೂಡಿನಲ್ಲಿ ಏನನ್ನೂ ಇಡದ ಆಕೃತಿ, ಎರಡೂ ಪಾಲುಗಳನ್ನು ಒಂದರ ಗಾಳಿ ಒಂದಕ್ಕೆ ಸೋಕದಂತೆ ಬೇರೆ ಬೇರೆ ಇಟ್ಟು.

ಗುರುವಾರ ಮಧ್ಯಾಹ್ನ ಎರಡೂ ನಕ್ಷೆ ಬಂದವು. ಮೊದಲನೆಯದನ್ನು ತೆರೆದಾಗ ಕಾರ್ತಿಕ ತೆಲುಗಿನಲ್ಲಿ ಏನೋ ಗೊಣಗಿದ. ಮಸುಕು ಗೋಡೆಗಳ ನಡುವೆ, ಗೂಡಿನೊಳಗೆ, ಎರಡು ಬಳೆ ಮೂರು ಗುಬುಟು ನಿಚ್ಚಳವಾಗಿ ಕೂತಿದ್ದವು. ಎರಡು ಪಾಲುಗಳ ಹೊಂದಿಕೆಯ ಅಂಕಿಯೂ ಔಷಧಕ್ಕೆ ಬಂದಷ್ಟೇ ಚೆನ್ನಾಗಿತ್ತು. ಎರಡನೆಯ ನಕ್ಷೆಯಲ್ಲಿ ಗೂಡು ಖಾಲಿ. ತಳದಲ್ಲಿ ಹೆಸರಿಡಲಾಗದ ಒಂದು ತೆಳು ಮಬ್ಬು, ಅಷ್ಟೇ.

ಎರಡನ್ನೂ ತೆಗೆದುಕೊಂಡು ಅವಳು ಸರ್ ಹತ್ತಿರ ಹೋದಳು. ಎಲ್ಲರೆದುರು ತೋರಿಸುವ ಮೊದಲು ಅವರಿಗೆ ತೋರಿಸದಿರುವುದು ಅವಳಿಂದಾಗದು. ಅವರು ಚಿತ್ರಗಳನ್ನು ನೋಡಲೇ ಇಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಶುಕ್ರವಾರ ಆದ ಮೇಲೆ ಎಂದೆನಲ್ಲ ಎಂದರು. ಹಾಗಾದರೆ ಇದನ್ನು ನಾಳೆಯೇ ತೋರಿಸುತ್ತೇನೆ, ಬೇಡವೆಂದರೆ ಬೇರೆಯವರನ್ನು ನಿಲ್ಲಿಸಿ, ನಾನು ಕೆಳಗೆ ಕೂತು ಕೈ ಎತ್ತುತ್ತೇನೆ ಎಂದಳು. ಅವರು, ನಿನ್ನ ಹೆಸರು ಆಮಂತ್ರಣದಲ್ಲಿ ಅಚ್ಚಾಗಿದೆ, ನೀನೇ ನಿಲ್ಲು, ಏನು ಮಾಡಿದರೂ ನಿನ್ನ ತಲೆಯ ಮೇಲೆ ಎಂದರು.

ಶುಕ್ರವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಸಂಯುಕ್ತಾ ಒಂದೇ ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. ಸುಂದರಾಬಾಯಿ ಇನ್ನೊಂದನ್ನು ಮುಂದೆ ಸರಿಸಿದರು. ಇವತ್ತು ಅವರು ತಿನ್ನುತ್ತಾರೋ ಇಲ್ಲವೋ, ಜಗಳ ಆಗುವುದಿದೆ ಎಂದು ಸೊಸೆ ಹೇಳಿದಳು.

"ಜಗಳ ನಿಂದು," ಅಂದರು ಸುಂದರಾಬಾಯಿ, "ರೊಟ್ಟಿ ನಂದು. ನೀ ಬೇಕಾದ್ದು ಮಾತಾಡು, ಇದನ್ನ ಮಾತ್ರ ಅವರ ಮೇಜಿನ ಮ್ಯಾಲೆ ಇಟ್ಟು ಬಾ."

ಮೆಟ್ರೋದಲ್ಲಿ ಎರಡು ಡಬ್ಬಿಗಳೂ ತೊಡೆಯ ಮೇಲೆ ಬೆಚ್ಚಗಿದ್ದವು. ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸುವ ನೂಕುನುಗ್ಗಲಿನಲ್ಲಿ ಯಾರೋ ಒಬ್ಬ ಹುಡುಗಿ ಅವಳ ಚೀಲ ನೆಟ್ಟಗೆ ಹಿಡಿದುಕೊಟ್ಟಳು. ಸಂಯುಕ್ತಾಳಿಗೆ ಯಾಕೋ ಧೈರ್ಯ ಬಂತು.

ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಗುರುರಾಜರು, ಅವರ ಪಕ್ಕ ಕಂಪನಿಯ ರಸಾಯನಶಾಸ್ತ್ರಜ್ಞೆ ದೀಪ್ತಿ, ಹಿಂದೆ ಸಂಸ್ಥೆಯ ಹಿರಿಯರು. ಸಂಯುಕ್ತಾ ಮೊದಲು ಗೋಡೆಯ ಮೇಲಿದ್ದ ಚಿತ್ರವನ್ನೇ ತೋರಿಸಿದಳು. ತಲೆಗಳು ತೂಗಿದವು. ಮುಂದಿನ ಚಿತ್ರ ತೋರಿಸಿ, ಇದು ಅದೇ ಗೂಡು, ಅದೇ ಚಿತ್ರಗಳಿಂದ ತೆಗೆದದ್ದು, ಒಳಗೆ ಕೂತಿರುವುದು ಏನೆಂದು ಗುರುತಿಸಬಲ್ಲಿರಾ ಎಂದು ಕೇಳಿದಳು. ದೀಪ್ತಿ ಕಣ್ಣು ಕಿರಿದು ಮಾಡಿ ನೋಡಿ, ಕೆಫೀನಿನಂತಿದೆಯಲ್ಲ ಎಂದಳು. ಹೌದು, ಗೇಟಿನ ಹೊರಗೆ ಸಿಗುವ ಚಹಾ ಎಂದಳು ಸಂಯುಕ್ತಾ. ಯಾರೋ ನಕ್ಕರು. ನಾವು ಚಹಾ ಹುಡುಕಿದೆವು, ಚಹಾ ಸಿಕ್ಕಿತು. ಔಷಧ ಹುಡುಕಿದೆವು, ಔಷಧ ಸಿಕ್ಕಿತು ಎಂದಳು. ಆಗ ನಗು ನಿಂತುಹೋಯಿತು.

ತಪ್ಪು ಎಲ್ಲಿ ನುಸುಳಿತೆಂದು ಅವಳು ವಿವರಿಸಿದಳು. ಯಾರು ಹೇಳಿದ್ದು, ಯಾರು ಮಾಡಿದ್ದು ಎಂದು ಹೇಳಲಿಲ್ಲ. ನಾವು ಎಂದೇ ಹೇಳಿದಳು. ಕಡೆಗೆ ಖಾಲಿ ಗೂಡನ್ನು ಪರದೆಯ ಮೇಲೆ ತಂದು ಹಾಗೇ ಬಿಟ್ಟಳು. ಹಿರಿಯರೊಬ್ಬರು ಬೇಸರದಿಂದ, ಹಾಗಾದರೆ ಔಷಧ ಅಲ್ಲಿ ಕೂರುವುದೇ ಇಲ್ಲ ಎನ್ನುತ್ತೀಯಾ ಎಂದರು. ಇಲ್ಲ ಎಂದು ನಾನು ಹೇಳುತ್ತಿಲ್ಲ, ಕಂಡಿಲ್ಲ ಎಂದು ಹೇಳುತ್ತಿದ್ದೇನೆ ಎಂದಳು. ಕಾಣುವವರೆಗೆ ಈ ಗೂಡಿನಲ್ಲಿ ನಾನು ಏನನ್ನೂ ಕೂರಿಸುವುದಿಲ್ಲ.

ಎಲ್ಲರೂ ಗುರುರಾಜರ ಕಡೆ ನೋಡಿದರು. ಅವರು ಎದ್ದು ನಿಂತು, ಕೆಲಸ ಇನ್ನೂ ಮುಗಿದಿಲ್ಲ, ಇವತ್ತಿಗೆ ಇಷ್ಟೇ ಎಂದು ಇಂಗ್ಲಿಷಿನಲ್ಲಿ ಹೇಳಿ ಹೊರಗೆ ಹೋದರು. ಹಿರಿಯರೂ ಚದುರಿದರು, ಯಾರೂ ಅವಳನ್ನು ಮಾತಾಡಿಸಲಿಲ್ಲ. ದೀಪ್ತಿ ಮಾತ್ರ ಬಂದು, ಚಹಾದ ಚಿತ್ರ ತನಗೊಂದು ಬೇಕು, ಈ ಅಣುವಿನ ಮೇಲೆ ಇನ್ನೂ ಒಂದು ವರ್ಷ ಹಾಕಲು ಹೊರಟ ತಮ್ಮ ಕಂಪನಿಯವರಿಗೆ ತೋರಿಸಬೇಕು ಎಂದಳು. ಹೋಗುವಾಗ ಅವಳ ಮುಂದೆ ನೀರಿನ ಬಾಟಲಿ ಇಟ್ಟು ಹೋದಳು. ಅಷ್ಟು ಹೊತ್ತೂ ತನಗೆ ಬಾಯಾರಿತ್ತೆಂದು ಸಂಯುಕ್ತಾಳಿಗೆ ಆಗ ತಿಳಿಯಿತು.

ಸಂಜೆ ಪ್ರಯೋಗಾಲಯದಲ್ಲಿ ಅವಳೊಬ್ಬಳೇ ಕೂತು ಮಾದರಿಯಿಂದ ಔಷಧದ ಅಣುವನ್ನು ತೆಗೆದುಹಾಕುತ್ತಿದ್ದಳು. ಬೆನ್ನ ಹಿಂದೆ ಹೆಜ್ಜೆ ಕೇಳಿಸಿತು. ಗುರುರಾಜರು ಡಬ್ಬಿ ಹಿಡಿದು ನಿಂತಿದ್ದರು. ತೊಳೆದಿದ್ದರು, ಒರೆಸಿದ್ದರು. ಅದನ್ನು ಮೇಜಿನ ಮೇಲಿಟ್ಟು, ಕಾರ್ತಿಕನ ಕುರ್ಚಿಯಲ್ಲಿ ಕೂತು, ಹಳೆಯ ನಕ್ಷೆ ತೆರೆ ಎಂದರು. ಅವಳು ತೆರೆದಳು. ಅವರು ಪರದೆಯ ಹತ್ತಿರ ಬಗ್ಗಿ, ಬಾಗಿದ ಬಾಲದ ಮೇಲೆ ಬೆರಳು ಆಡಿಸಿದರು.

"ನನಗ ಇನ್ನೂ ಕಾಣ್ತದವ್ವಾ," ಅಂದರು.

"ನನಗೂ ಕಾಣ್ತದ್ರಿ ಸರ್. ಚಹಾನೂ ಹಿಂಗ ಕಾಣ್ತಿತ್ತು, ಅದಕ್ಕ ತಗದೀನಿ."

ಅವರು ಪರದೆಯಿಂದ ಬೆರಳು ತೆಗೆದರು. ಆಮೇಲೆ, ಸಹಿ ಹಾಕದಿದ್ದರೆ ಏನು ಮಾಡುತ್ತೀ ಎಂದು ಕೇಳಿದರು. ಬೆದರಿಕೆಯ ದನಿಯಲ್ಲ, ತಿಳಿದುಕೊಳ್ಳುವ ದನಿ.

"ಹಾಕೋತನಕ ಬರ್ತೀನ್ರಿ. ಈ ಖಾಲಿ ಗೂಡು ಹಿಡಕೊಂಡೇ ಬರ್ತೀನಿ."

"ಮತ್ತ ರೊಟ್ಟಿ?"

"ಅದು ನಮ್ಮತ್ತಿದ್ರಿ. ಅದರ ಮಾತು ನನ್ನ ಕೈಯಾಗಿಲ್ಲ."

ಅವರ ತುಟಿ ಸ್ವಲ್ಪ ಸಡಿಲಾಯಿತು. ಕೆಫೀನಿನ ನಕ್ಷೆಯನ್ನು ತೋರಿಸಲು ಹೇಳಿದರು, ನಿನ್ನೆ ನೋಡದೆ ಬಿಟ್ಟದ್ದನ್ನು ಇವತ್ತು ಕನ್ನಡಕ ಏರಿಸಿ ನೋಡಿದರು. ಎರಡು ಬಳೆ, ಮೂರು ಗುಬುಟು. ಇದನ್ನೂ ಸೇರಿಸಿ ಒಂದು ಅಧ್ಯಾಯ ಬರಿ ಎಂದರು. ಹೇಗೆ ತಪ್ಪಿದೆವು ಎಂಬುದನ್ನು ಬರಿ, ಔಷಧ ಕೂರಿಸಿದ ಆಕೃತಿ ಕೊಡು ಎಂದವನು ನಾನೇ ಎಂಬುದನ್ನೂ ಬರಿ. ನೀನು ಮುಚ್ಚಿಡುವುದು ಬೇಡ. ಓದುತ್ತೇನೆ. ಸಹಿಯ ಮಾತು ಓದಿದ ಮೇಲೆ.

ಅವರು ಎದ್ದು ಬಾಗಿಲ ಕಡೆಗೆ ಹೋದರು. ಸಂಯುಕ್ತಾ ಪರದೆಗೆ ತಿರುಗಿ, ಅಣುವಿಲ್ಲದ ಮಾದರಿಯನ್ನು ತನ್ನ ಹೆಸರಿನಲ್ಲಿ ಉಳಿಸಿದಳು. ಹೆಜ್ಜೆಯ ಸಪ್ಪಳ ಬಾಗಿಲ ಪಕ್ಕ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಗೋಡೆಯಿಂದ ಪಿನ್ನು ಕಿತ್ತ ಸಣ್ಣ ಸದ್ದು ಬಂತು. ಮತ್ತೊಂದು. ಆ ಗೋಡೆಯಿಂದ ಚಿತ್ರ ಕೆಳಗಿಳಿಸುವ ಅಭ್ಯಾಸ ಆ ಕೈಗಳಿಗೆ ಇರಲಿಲ್ಲ, ಹೊತ್ತು ಹಿಡಿಯಿತು. ಅವರಿಗೆ ಮುಜುಗರವಾಗದಿರಲಿ ಎಂದು ಅವಳು ಕಡೆಯ ಪಿನ್ನು ಬರುವವರೆಗೂ ತಿರುಗಿ ನೋಡಲಿಲ್ಲ.